ಸಹೋದ್ಯೋಗಿಗಳಿಗೆ 8ಡಿ ಬೇಡವಾಗುವುದೇಕೆ, ಬೇಕೆನಿಸುವುದು ಯಾವಾಗ

ಬೆಳಗಿನ ರಿಜೆಕ್ಷನ್ ಮೀಟಿಂಗ್. ಮೇಜಿನ ಮೇಲೆ ಕೆಂಪು ಬಿನ್ನಿನಿಂದ ತಂದ ನಾಲ್ಕು ಶಾಫ್ಟ್. ನಾಲ್ಕರದ್ದೂ ಡಯಾ, ಅಂದರೆ ವ್ಯಾಸ, ಜಾಸ್ತಿ. ಪ್ರೊಡಕ್ಷನ್‌ನವರು "ಮೆಟೀರಿಯಲ್ ಗಟ್ಟಿ ಬಂದಿದೆ" ಎನ್ನುತ್ತಾರೆ. ಮೇಂಟೆನೆನ್ಸ್‌ನವರು "ಆಪರೇಟರ್ ಆಫ್‌ಸೆಟ್ (ಟೂಲ್ ಎಲ್ಲಿ ನಿಲ್ಲಬೇಕು ಅಂತ ಮೆಷಿನ್‌ಗೆ ಕೊಡುವ ತಿದ್ದುಪಡಿ) ಸರಿಯಾಗಿ ಕೊಟ್ಟಿಲ್ಲ" ಎನ್ನುತ್ತಾರೆ. ಕ್ವಾಲಿಟಿಯವರು "ಚೆಕಿಂಗ್ ಜಾಸ್ತಿ ಮಾಡೋಣ" ಎನ್ನುತ್ತಾರೆ. ಯಾರ ದನಿ ದೊಡ್ಡದೋ ಅವರ ಮಾತು ನಿಲ್ಲುತ್ತದೆ. "ಆಪರೇಟರ್‌ಗೆ ಟ್ರೈನಿಂಗ್ ಕೊಡಲಾಯಿತು" ಎಂದು ಬರೆದು ಎಲ್ಲರೂ ಎದ್ದು ಹೋಗುತ್ತಾರೆ. ಮುಂದಿನ ತಿಂಗಳು ಅದೇ ಡಯಾ ಮತ್ತೆ ಬರುತ್ತದೆ.

ಕಾರ್ಖಾನೆಯಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದಲ್ಲ. ಇದಕ್ಕೆ ಮದ್ದೂ ಹೊಸದಲ್ಲ. ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರಲ್ಲೇ ಮೊದಲ ಕಂಟ್ರೋಲ್ ಚಾರ್ಟ್, ಅಂದರೆ ಅಳತೆಗಳ ಏರಿಳಿತವನ್ನು ಮಿತಿಗೆರೆಗಳ ನಡುವೆ ತೋರಿಸುವ ನಕ್ಷೆ, ಬರೆದು ತೋರಿಸಿದ್ದರು. ಪ್ರತಿ ಏರಿಳಿತಕ್ಕೂ ಕಾರಣ ಹುಡುಕುತ್ತಾ ಓಡಬೇಡಿ, ಯಾವುದು ಮಾಮೂಲಿ ಏರಿಳಿತ, ಯಾವುದು ಅಲ್ಲ ಅಂತ ಮೊದಲು ಬೇರೆ ಮಾಡಿ ಎನ್ನುವುದು ಅದರ ಸಾರ. ಗುಣಮಟ್ಟದ ಇನ್ನೊಬ್ಬ ಅಮೆರಿಕನ್ ತಜ್ಞ ಡೆಮಿಂಗ್ 1950ರಲ್ಲಿ ಜಪಾನಿಗೆ ಹೋಗಿ ಪಾಠ ಮಾಡಿದರು. 1954ರಲ್ಲಿ ಅದೇ ಕ್ಷೇತ್ರದ ಜುರಾನ್ ಹೋದರು. ಕಾರಣಗಳನ್ನು ಮೀನಿನ ಮೂಳೆಯ ಹಾಗೆ ಜೋಡಿಸುವ ಚಿತ್ರ, ಅಂದರೆ ಫಿಶ್‌ಬೋನ್, ಜಪಾನಿನ ಇಶಿಕಾವಾ ಅವರದ್ದು. ಟೊಯೊಟಾದವರು ಒಂದು ಎ3 ಹಾಳೆಯಲ್ಲಿ ಇಡೀ ಸಮಸ್ಯೆಯನ್ನು ಬರೆದು ಮುಗಿಸುವ ಅಭ್ಯಾಸ ಬೆಳೆಸಿದರು. ಫೋರ್ಡ್ ಕಂಪನಿ 1987ರಲ್ಲಿ ತಂಡವಾಗಿ ಸಮಸ್ಯೆ ಬಿಡಿಸುವುದಕ್ಕೆ ಕೈಪಿಡಿ ತಂದಿತು. ಇವತ್ತು ನಾವು 8ಡಿ, ಅಂದರೆ ಎಂಟು ಹೆಜ್ಜೆಗಳ ವಿಧಾನ, ಎನ್ನುವುದು ಅದನ್ನೇ.

ಹೆಸರು ಎಷ್ಟೇ ಇರಲಿ, ಒಳಗಿನ ಹೂರಣ ಒಂದೇ. ಸಮಸ್ಯೆ ಏನು ಅಂತ ಸರಿಯಾಗಿ ಬರೆಯಿರಿ. ಕೆಟ್ಟ ಮಾಲು ಗ್ರಾಹಕನಿಗೆ ಹೋಗದ ಹಾಗೆ ಮೊದಲು ತಡೆಯಿರಿ. ಕಾರಣವನ್ನು ಊಹಿಸಿ ಬಿಡಬೇಡಿ, ಪರೀಕ್ಷೆ ಮಾಡಿ. ಮದ್ದು ಕೆಲಸ ಮಾಡಿತಾ ಅಂತ ನೋಡಿ. ಅದೇ ತೊಂದರೆ ಬೇರೆ ಕಡೆ ಹುಟ್ಟದ ಹಾಗೆ ವ್ಯವಸ್ಥೆ ಬದಲಿಸಿ. ಇಷ್ಟೇ.

ಇಷ್ಟು ಸರಳ ಇದ್ದರೂ ಜನ ಯಾಕೆ ಮೂಗು ಮುರಿಯುತ್ತಾರೆ? ಅದು ಗೊತ್ತಾಗದೆ ಎಷ್ಟು ಟ್ರೈನಿಂಗ್ ಕೊಟ್ಟರೂ ಗಾಳಿಗೆ ಗುದ್ದಿದ ಹಾಗೆ.

ಬೇಡ ಎನ್ನುವವರ ಕಡೆಯೂ ನ್ಯಾಯ ಇದೆ

ಲೈನಿನಲ್ಲಿ ಇರುವವರನ್ನು ಕೇಳಿ ನೋಡಿ. "8ಡಿ ಅಂದ್ರೆ ಕ್ವಾಲಿಟಿಯವರ ಪೇಪರ್ ಕೆಲಸ" ಅನ್ನುತ್ತಾರೆ. ಇದು ಸೋಮಾರಿತನದ ಮಾತಲ್ಲ. ಅವರು ಕಂಡಿದ್ದೇ ಅದು. ಕಾರಣ ಮೀಟಿಂಗಿನಲ್ಲೇ ತೀರ್ಮಾನ ಆಗಿರುತ್ತದೆ, ಮದ್ದೂ ಆಗಿರುತ್ತದೆ. ಆಮೇಲೆ ಗ್ರಾಹಕ ಕೇಳಿದ ಅಂತ ಒಬ್ಬರು ಕೂತು ಎಂಟು ಪೆಟ್ಟಿಗೆ ತುಂಬುತ್ತಾರೆ. ಮೂಲ ಕಾರಣ ಸಿಗುವ ತನಕ ಒಂದರ ಮೇಲೊಂದು ಕೇಳಬೇಕಾದ ಐದು 'ಯಾಕೆ'ಗಳನ್ನು ಕೊನೆಯ ಉತ್ತರದಿಂದ ಹಿಂದಕ್ಕೆ ಬರೆಯುತ್ತಾರೆ. ಮದುವೆ ಆದ ಮೇಲೆ ಜಾತಕ ನೋಡಿದ ಹಾಗೆ. ಇಂಥ ಫಾರಂ ಯಾರಿಗೆ ಇಷ್ಟವಾದೀತು?

ಎರಡನೆಯದು ಭಯ. ಬಹಳ ಕಡೆ 'ಮೂಲ ಕಾರಣ' ಅಂದರೆ ಯಾರ ತಲೆ ಮೇಲೆ ಗೂಬೆ ಕೂರಿಸುವುದು ಅಂತಲೇ ಅರ್ಥ. ಫಿಶ್‌ಬೋನ್ ಬರೆಯುವಾಗ 'ಮನುಷ್ಯ' ಎನ್ನುವ ಮೂಳೆ ಮೊದಲು ತುಂಬಿ ಹೋಗುತ್ತದೆ. ತನ್ನ ಹೆಸರು ಅಲ್ಲಿ ಬರುತ್ತದೆ ಅಂತ ಗೊತ್ತಿರುವ ಆಪರೇಟರ್ ಬಾಯಿ ಬಿಡುವುದಿಲ್ಲ. ಆದರೆ ಮೆಷಿನ್ ಯಾವಾಗ ಬೇರೆ ಥರ ಶಬ್ದ ಮಾಡಿತು, ಯಾವ ಪೀಸ್ ಬಿಗಿಯಾಗಿ ಕೂತಿತು ಅಂತ ಗೊತ್ತಿರುವುದು ಅವನಿಗೇ.

ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪ್ರತಿ ಕಾರ್ಖಾನೆಯಲ್ಲೂ ಒಬ್ಬ ಹಳೆಯ ಕೈ ಇರುತ್ತಾರೆ. ಮೆಷಿನ್ ಪಕ್ಕ ನಿಂತು ಕಿವಿಗೊಟ್ಟರೆ ಸಾಕು, ಏನಾಗಿದೆ ಅಂತ ಹೇಳಿಬಿಡುತ್ತಾರೆ. ಹತ್ತರಲ್ಲಿ ಆರೇಳು ಸಲ ಸರಿಯಾಗಿಯೂ ಇರುತ್ತದೆ. ಅವರ ಗೌರವ ನಿಂತಿರುವುದೇ ಅದರ ಮೇಲೆ. ಅವರ ಮುಂದೆ ಹೋಗಿ "ಹಂತ ಹಂತವಾಗಿ ಯೋಚಿಸೋಣ ಸಾರ್" ಅಂದರೆ, "ನಿಮ್ಮ ಅನುಭವ ಬೇಡ" ಅಂತಲೇ ಅವರ ಕಿವಿಗೆ ಕೇಳಿಸುತ್ತದೆ. ವಿರೋಧ ಬರುವುದು ಸಹಜ ಅಲ್ವಾ?

ಇನ್ನು ಸಮಯದ ಮಾತು. ಶಿಫ್ಟ್ ಟಾರ್ಗೆಟ್ ತಲೆ ಮೇಲೆ ಕೂತಿರುವ ಸೂಪರ್‌ವೈಸರ್‌ಗೆ ಒಂದು ಗಂಟೆ ಮೀಟಿಂಗ್ ಅಂದರೆ ಒಂದು ಗಂಟೆಯ ಮಾಲು. ಅದನ್ನು ವಾದ ಮಾಡಿ ಗೆಲ್ಲುವುದಕ್ಕೆ ಆಗುವುದಿಲ್ಲ. ಮೀಟಿಂಗ್ ಚಿಕ್ಕದು ಮಾಡಬೇಕು, ಅಷ್ಟೇ.

ಹಾಗಾಗಿ ನನ್ನ ಅಭಿಪ್ರಾಯ ಇದು: ಇಡೀ 8ಡಿಯನ್ನು ಜನರ ಮುಂದೆ ಇಡಲೇಬೇಡಿ. ಅದರ ಒಂದೇ ಒಂದು ತುಂಡನ್ನು, ಅವರಿಗೇ ತಲೆನೋವಾಗಿರುವ ಒಂದು ಸಮಸ್ಯೆಯ ಮೇಲೆ, ಮೆಷಿನ್ ಪಕ್ಕದಲ್ಲೇ ಬಳಸಿ ತೋರಿಸಿ. ಯಾವ ತುಂಡು? ನನ್ನ ಪ್ರಕಾರ ಎರಡನೇ ಹೆಜ್ಜೆ, ಅಂದರೆ ಸಮಸ್ಯೆಯ ವಿವರಣೆ. ಅದರಲ್ಲೂ ಒಂದು ಪ್ರಶ್ನೆ: "ಇದು ಎಲ್ಲಿ ಆಗುತ್ತಿಲ್ಲ?"

'ಇದೆ' ಮತ್ತು 'ಇಲ್ಲ'

ಚಾರ್ಲ್ಸ್ ಕೆಪ್ನರ್ ಮತ್ತು ಬೆಂಜಮಿನ್ ಟ್ರೆಗೋ ಎನ್ನುವ ಇಬ್ಬರು ಅಮೆರಿಕದಲ್ಲಿ 1950ರ ದಶಕದಲ್ಲಿ ಈ ದಾರಿ ತೋರಿಸಿದರು. ದೋಷ ಎಲ್ಲಿದೆ ಅಂತ ಬರೆಯುವುದರ ಜೊತೆಗೆ, ಇರಬಹುದಾಗಿದ್ದರೂ ಎಲ್ಲಿ ಇಲ್ಲ ಅಂತಲೂ ಬರೆಯಿರಿ. ಆಮೇಲೆ ಎರಡಕ್ಕೂ ಏನು ವ್ಯತ್ಯಾಸ ಅಂತ ನೋಡಿ. ಕಾರಣ ಅಡಗಿರುವುದು ಆ ವ್ಯತ್ಯಾಸದಲ್ಲಿ.

ಮೇಲಿನ ಶಾಫ್ಟನ್ನೇ ತೆಗೆದುಕೊಳ್ಳೋಣ. ಇದು ವಿವರಿಸುವುದಕ್ಕೆ ಕಟ್ಟಿದ ಉದಾಹರಣೆ, ಆದರೆ ಟರ್ನಿಂಗ್ ಶಾಪಿನಲ್ಲಿ (ಲೇತ್‌ನಲ್ಲಿ ಲೋಹ ಕಡೆಯುವ ವಿಭಾಗ) ಇಂಥದ್ದು ನಿಜಕ್ಕೂ ಆಗುತ್ತದೆ. ಡಯಾದ ಮಿತಿ ಪ್ಲಸ್ ಮೈನಸ್ 20 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ಒಂದು ವೈಟ್‌ಬೋರ್ಡನ್ನು ಮೆಷಿನ್ ಪಕ್ಕ ತಂದು ನಡುವೆ ಗೆರೆ ಎಳೆಯಿರಿ. ಎಡಗಡೆ 'ಇದೆ', ಬಲಗಡೆ 'ಇಲ್ಲ'. ಪೆನ್ನು ಆಪರೇಟರ್ ಕೈಗೆ ಕೊಡಿ.

ಏನು ಇದೆ? ಡಯಾ ಜಾಸ್ತಿ. ಏನು ಇಲ್ಲ? ಫಿನಿಶ್‌ನಲ್ಲಿ ತೊಂದರೆ ಇಲ್ಲ, ಗೀರು ಇಲ್ಲ.

ಎಲ್ಲಿ ಇದೆ? 3ನೇ ಮೆಷಿನ್. ಎಲ್ಲಿ ಇಲ್ಲ? ಪಕ್ಕದ 4ನೇ ಮೆಷಿನ್. ಎರಡಕ್ಕೂ ಒಂದೇ ಬಂಡಲಿನ ಬಾರ್ ಹಾಕುತ್ತಿದ್ದಾರೆ. ಹಾಗಿದ್ದರೆ "ಮೆಟೀರಿಯಲ್ ಗಟ್ಟಿ" ಎನ್ನುವ ಮಾತು ನಿಲ್ಲುವುದಿಲ್ಲ. ಎರಡನ್ನೂ ನಡೆಸುತ್ತಿರುವುದು ಒಬ್ಬನೇ ಆಪರೇಟರ್. ಅವನಿಗೆ ಆಫ್‌ಸೆಟ್ ಕೊಡಲು ಬರುವುದಿಲ್ಲ ಅಂದರೆ 4ನೇ ಮೆಷಿನ್‌ನಲ್ಲಿ ಹೇಗೆ ಸರಿ ಬರುತ್ತಿದೆ? ಐದು ನಿಮಿಷ ಆಗಿಲ್ಲ, ಮೀಟಿಂಗಿನ ಎರಡು ದೊಡ್ಡ ತೀರ್ಮಾನಗಳು ಬಿದ್ದು ಹೋದವು. ಯಾರೂ ಯಾರ ಜೊತೆಗೂ ಜಗಳ ಆಡಲಿಲ್ಲ. ಬೋರ್ಡೇ ಹೇಳಿತು.

ಯಾವಾಗ ಇದೆ? ಊಟದ ವಿರಾಮ ಮುಗಿದ ಮೇಲೆ ಬರುವ ಮೊದಲ ಹತ್ತು ಹನ್ನೆರಡು ಪೀಸುಗಳಲ್ಲಿ. ಆಮೇಲೆ ಇಲ್ಲ. ಟೂಲ್ ಬದಲಿಸಿದಾಗ ಇಲ್ಲ. ಶುರುವಾಗಿದ್ದು ಹೋದ ತಿಂಗಳು, ಅದಕ್ಕೂ ಮೊದಲು ಇರಲಿಲ್ಲ.

ಎಷ್ಟು? ಮೊದಲ ಪೀಸ್ ಸುಮಾರು 35 ಮೈಕ್ರಾನ್ ಜಾಸ್ತಿ. ಆಮೇಲೆ ಪೀಸಿನಿಂದ ಪೀಸಿಗೆ ಇಳಿಯುತ್ತಾ ಬರುತ್ತದೆ. ಇಲ್ಲಿ ಸ್ವಲ್ಪ ನಿಲ್ಲಿ. ಟೂಲ್ ಸವೆಯುತ್ತಿದ್ದರೆ ಹೊರ ಡಯಾ ಮೆಲ್ಲಗೆ ಏರುತ್ತಾ ಹೋಗಬೇಕು. ಇಲ್ಲಿ ಉಲ್ಟಾ, ಇಳಿಯುತ್ತಿದೆ. ಹಾಗಿದ್ದರೆ ಇದು ಟೂಲಿನ ಕಥೆಯಲ್ಲ.

ಈಗ ವ್ಯತ್ಯಾಸ ಹುಡುಕಿ. 3ನೇ ಮೆಷಿನ್‌ನಲ್ಲಿ ಇರುವುದೇನು, 4ರಲ್ಲಿ ಇಲ್ಲದ್ದೇನು? ಹೋದ ತಿಂಗಳು ಬದಲಾಗಿದ್ದೇನು? ಈ ಪ್ರಶ್ನೆಗೆ ಆಫೀಸಿನಲ್ಲಿ ಕೂತವರ ಹತ್ತಿರ ಉತ್ತರ ಇರುವುದಿಲ್ಲ. ಆಪರೇಟರ್ ಹೇಳುತ್ತಾನೆ: "ಹೋದ ತಿಂಗಳು ಕರೆಂಟ್ ಉಳಿಸಿ ಅಂತ ನೋಟಿಸ್ ಹಾಕಿದ್ರಲ್ಲ ಸಾರ್, ಅವತ್ತಿಂದ ಊಟಕ್ಕೆ ಹೋಗೋವಾಗ ಮೆಷಿನ್ ಆಫ್ ಮಾಡ್ತೀವಿ. 4ನೇದು ಮಾತ್ರ ಮಾಡಲ್ಲ. ಆಫ್ ಮಾಡಿ ಆನ್ ಮಾಡಿದ್ರೆ ಅದರ ಚಿಪ್ ಕನ್ವೇಯರ್ (ಲೋಹದ ಚೂರು ಹೊರಗೆ ಸಾಗಿಸೋ ಪಟ್ಟಿ) ಸಿಕ್ಕಿಹಾಕ್ಕೊಳ್ಳುತ್ತೆ."

ಸಿಕ್ಕಿತಲ್ಲ ಎಳೆ. ಮೆಷಿನ್ ಓಡುವಾಗ ಟೂಲನ್ನು ಸರಿಸುವ ಬಾಲ್ ಸ್ಕ್ರೂ ಬಿಸಿಯಾಗಿ ಹಿಗ್ಗಿರುತ್ತದೆ. ಆಫ್‌ಸೆಟ್ ಕೊಟ್ಟಿರುವುದು ಆ ಹಿಗ್ಗಿದ ಸ್ಥಿತಿಗೆ. ಆಫ್ ಮಾಡಿದರೆ ತಣ್ಣಗಾಗಿ ಕುಗ್ಗುತ್ತದೆ. ಉಕ್ಕು ಒಂದು ಡಿಗ್ರಿಗೆ, ಒಂದು ಮೀಟರ್ ಉದ್ದಕ್ಕೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಸ್ಕ್ರೂನ 300 ಮಿಲಿಮೀಟರ್ ಭಾಗ 5 ಡಿಗ್ರಿ ತಣ್ಣಗಾದರೆ 18 ಮೈಕ್ರಾನ್. ಟೂಲ್ ಅಷ್ಟು ದೂರ ನಿಂತಿತು ಅಂದರೆ ತ್ರಿಜ್ಯ ಅಷ್ಟು ಜಾಸ್ತಿ, ಡಯಾದಲ್ಲಿ ಅದರ ಎರಡರಷ್ಟು, 36 ಮೈಕ್ರಾನ್. ಬೋರ್ಡಿನ ಮೇಲಿನ ಸಂಖ್ಯೆಗೆ ಹತ್ತಿರ ಬಂತು.

ಹತ್ತಿರ ಬಂತು ಅಂತ ನಂಬಿಬಿಡಬೇಡಿ. ಇಲ್ಲೇ ಬಹಳ ತಂಡಗಳು ಖುಷಿಯಾಗಿ ಪೆನ್ನು ಮುಚ್ಚುತ್ತವೆ. ದೋಷವನ್ನು ಬೇಕಂತಲೇ ಹುಟ್ಟಿಸಿ ನೋಡಬೇಕು, ಬೇಕಂತಲೇ ನಿಲ್ಲಿಸಿ ನೋಡಬೇಕು. ಒಂದು ದಿನ ವಿರಾಮದಲ್ಲಿ 3ನೇ ಮೆಷಿನ್ ಆಫ್ ಮಾಡಿ, ಪೀಸು ಅಳೆಯಿರಿ. ಇನ್ನೊಂದು ದಿನ ಆಫ್ ಮಾಡದೆ, ಖಾಲಿ ಸೈಕಲ್ ಓಡಿಸಿಟ್ಟು ಅಳೆಯಿರಿ. ಆಫ್ ಮಾಡಿದಾಗೆಲ್ಲ ದೋಷ ಬಂದು, ಮಾಡದಿದ್ದಾಗೆಲ್ಲ ಬರದಿದ್ದರೆ ಆಗ ಅದು ಕಾರಣ. ಅಲ್ಲಿಯ ತನಕ ಅದೂ ಒಂದು ಊಹೆ, ಸ್ವಲ್ಪ ಒಳ್ಳೆಯ ಊಹೆ.

'ಯಾಕೆ' ಕೇಳುವುದು ಎಲ್ಲಿಗೆ ನಿಲ್ಲಬೇಕು

ಈಗ 'ಯಾಕೆ' ಶುರು ಮಾಡಬಹುದು. ಜನ ಇದನ್ನೇ ಮೊದಲು ಮಾಡುತ್ತಾರೆ, ಅದಕ್ಕೇ ದಾರಿ ತಪ್ಪುತ್ತದೆ. ಸಮಸ್ಯೆಯನ್ನು ಸರಿಯಾಗಿ ಬರೆಯದೆ 'ಯಾಕೆ' ಕೇಳಿದರೆ ಎಲ್ಲ ದಾರಿಯೂ "ಗಮನ ಕೊಡಲಿಲ್ಲ" ಎನ್ನುವ ಊರಿಗೇ ಹೋಗುತ್ತದೆ.

ಡಯಾ ಯಾಕೆ ಜಾಸ್ತಿ? ತಣ್ಣಗಿನ ಮೆಷಿನ್‌ನಲ್ಲಿ ಬಿಸಿ ಮೆಷಿನ್‌ನ ಆಫ್‌ಸೆಟ್ ಇತ್ತು. ತಣ್ಣಗಾಗಿದ್ದು ಯಾಕೆ? ವಿರಾಮದಲ್ಲಿ ಆಫ್ ಮಾಡಿದರು. ಆಫ್ ಮಾಡಿದ್ದು ಯಾಕೆ? ನೋಟಿಸ್ ಹಾಗೆ ಹೇಳಿತು. ನೋಟಿಸ್ ಹಾಕುವಾಗ ಇದನ್ನು ಯಾರೂ ಯಾಕೆ ಯೋಚಿಸಲಿಲ್ಲ? ಬದಲಾವಣೆ ಮಾಡುವಾಗ ಕ್ವಾಲಿಟಿಯವರ ಒಪ್ಪಿಗೆ ಬೇಕು ಎನ್ನುವ ನಿಯಮ ಟೂಲ್, ಮೆಟೀರಿಯಲ್, ಪ್ರೋಗ್ರಾಂಗೆ ಮಾತ್ರ ಇತ್ತು. ಕರೆಂಟ್ ಸ್ವಿಚ್ ಆ ಪಟ್ಟಿಯಲ್ಲಿ ಇರಲಿಲ್ಲ.

ನಾಲ್ಕೇ 'ಯಾಕೆ'. ಐದು ಆಗಲೇಬೇಕು ಅಂತ ಏನೂ ಇಲ್ಲ. ಟೊಯೊಟಾದ ತೈಚಿ ಓಹ್ನೋ ಕೊಟ್ಟ ಹೆಸರಾಂತ ಉದಾಹರಣೆಯಲ್ಲಿ ಮೆಷಿನ್ ನಿಂತಿದ್ದು ಫ್ಯೂಸ್ ಹೋಗಿದ್ದಕ್ಕೆ. ಕೇಳುತ್ತಾ ಹೋದರೆ ಬೇರಿಂಗಿಗೆ ಆಯಿಲ್ ಸಾಲದು, ಪಂಪ್ ಎತ್ತುತ್ತಿಲ್ಲ, ಪಂಪಿನ ಶಾಫ್ಟ್ ಸವೆದಿದೆ, ಕೊನೆಗೆ ಜಾಲರಿ ಇಲ್ಲದೆ ಲೋಹದ ಚೂರು ಒಳಗೆ ಹೋಗಿದೆ. ಫ್ಯೂಸ್ ಬದಲಿಸಿ ಕೈ ತೊಳೆದುಕೊಂಡಿದ್ದರೆ ಮತ್ತೆ ಫ್ಯೂಸ್ ಹೋಗುತ್ತಿತ್ತು. ನಿಲ್ಲಬೇಕಾದ ಜಾಗ ಇದು: ಅಲ್ಲಿ ಕೈ ಹಾಕಿದರೆ ದೋಷ ಮತ್ತೆ ಬರುವುದಿಲ್ಲ, ಮತ್ತು ಅಲ್ಲಿ ಕೈ ಹಾಕುವ ಅಧಿಕಾರ ನಮಗಿದೆ.

ಇನ್ನೊಂದು ಸಾಲು 'ಯಾಕೆ' ಉಳಿದಿದೆ, ಇದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ದೋಷ ಹುಟ್ಟಿದ್ದು ಯಾಕೆ ಅಂತ ಗೊತ್ತಾಯಿತು, ಆದರೆ ಅದು ನಮ್ಮ ಕಣ್ಣು ತಪ್ಪಿಸಿ ಮುಂದೆ ಹೋಗಿದ್ದು ಯಾಕೆ? ಮೊದಲ ಪೀಸಿನ ಚೆಕಿಂಗ್ ಶಿಫ್ಟ್ ಶುರುವಿನಲ್ಲಿ ಮಾತ್ರ ಇತ್ತು. ಆಮೇಲೆ ಇಪ್ಪತ್ತಕ್ಕೆ ಒಂದು. ವಿರಾಮದ ನಂತರದ ಹತ್ತು ಹನ್ನೆರಡು ಪೀಸು ಆ ಸಂದಿಯಲ್ಲಿ ಆರಾಮಾಗಿ ನುಸುಳಿಕೊಂಡು ಹೋದವು. 8ಡಿಯ ನಾಲ್ಕನೇ ಹೆಜ್ಜೆಯಲ್ಲಿ ಈ ಎರಡಕ್ಕೂ ಉತ್ತರ ಬೇಕು. ಒಂದಕ್ಕೆ ಮಾತ್ರ ಬರೆದು ಕಳಿಸಿದ ವರದಿಯನ್ನು ಅನುಭವಿ ಗ್ರಾಹಕರು ವಾಪಸ್ ಕಳಿಸುವುದು ಇದೇ ಕಾರಣಕ್ಕೆ.

ಮದ್ದು ಈಗ ತಾನಾಗಿಯೇ ಬರುತ್ತದೆ. ವಿರಾಮದ ನಂತರ ವಾರ್ಮ್‌ಅಪ್ ಸೈಕಲ್. ಆಮೇಲಿನ ಮೊದಲ ಪೀಸ್ ಅಳೆಯುವುದನ್ನು ಕಂಟ್ರೋಲ್ ಪ್ಲಾನ್‌ಗೆ (ಏನನ್ನು ಯಾವಾಗ ಅಳೆಯಬೇಕು ಎನ್ನುವ ಪಟ್ಟಿ) ಸೇರಿಸುವುದು. ಬದಲಾವಣೆಯ ಪಟ್ಟಿಗೆ ಮೆಷಿನ್ ಆನ್-ಆಫ್ ಪದ್ಧತಿಯನ್ನೂ ಸೇರಿಸುವುದು. ಉಳಿದ ಮೆಷಿನ್‌ಗಳಲ್ಲೂ ಇದೇ ನಡೆಯುತ್ತಿದೆಯಾ ಅಂತ ನೋಡುವುದು. ಕಾರಣ ಸಿಗುವ ತನಕ ವಿರಾಮದ ನಂತರದ ಮಾಲನ್ನೆಲ್ಲ ಬೇರೆ ಇಟ್ಟು ಒಂದೊಂದಾಗಿ ಅಳೆಯುವುದು ಮೂರನೇ ಹೆಜ್ಜೆ. ಅದು ತೇಪೆ ಮಾತ್ರ. ಎಷ್ಟೋ ಕಡೆ ಆ ತೇಪೆಯೇ ವರ್ಷಗಟ್ಟಲೆ ಉಳಿದುಬಿಡುತ್ತದೆ. ಒಬ್ಬ ಇನ್‌ಸ್ಪೆಕ್ಟರ್ ಯಾಕೆ ಅಂತ ಗೊತ್ತಿಲ್ಲದೆ ದಿನಾ ಅಳೆಯುತ್ತಾ ಕೂತಿರುತ್ತಾನೆ.

ಗೇಜಿನ ಜಗಳ

"ನಿಮ್ಮ ಗೇಜೇ ಸರಿ ಇಲ್ಲ" ಅಂತ ಲೈನಿನವರು ಹೇಳಿದರೆ ಕ್ವಾಲಿಟಿಯವರಿಗೆ ಸಿಟ್ಟು ಬರುತ್ತದೆ. ಬರಬಾರದು. ಎಷ್ಟೋ ಸಲ ಅವರು ಹೇಳುವುದು ನಿಜ. ಒಂದೇ ಪೀಸನ್ನು ಮೂವರು ಅಳೆದು ಮೂರು ಉತ್ತರ ಬಂದರೆ ಮುಂದಿನ ತನಿಖೆಯೆಲ್ಲ ನೀರಿನ ಮೇಲೆ ಬರೆದ ಬರಹ. ಗೇಜ್ ಆರ್ ಅಂಡ್ ಆರ್ ಮಾಡಿ, ಅಂದರೆ ಅದೇ ಪೀಸುಗಳನ್ನು ಬೇರೆ ಬೇರೆ ಜನ ಮತ್ತೆ ಮತ್ತೆ ಅಳೆದು ಅಳತೆಯನ್ನೇ ಪರೀಕ್ಷಿಸಿ. ಅಳತೆಯಿಂದಲೇ ಬರುವ ವ್ಯತ್ಯಾಸ 10 ಪರ್ಸೆಂಟ್ ಒಳಗಿದ್ದರೆ ಒಳ್ಳೆಯದು, 30 ದಾಟಿದರೆ ಆ ಗೇಜನ್ನು ನಂಬುವ ಹಾಗಿಲ್ಲ ಎನ್ನುವುದು ವಾಹನ ಉದ್ಯಮದಲ್ಲಿ ಎಲ್ಲರೂ ಬಳಸುವ ಲೆಕ್ಕ. ನಡುವೆ ಬಂದರೆ ಕೆಲಸ ಎಷ್ಟು ಸೂಕ್ಷ್ಮ ಅಂತ ನೋಡಿ ತೀರ್ಮಾನ.

ಇದನ್ನು ದೂರು ಹೇಳಿದವರ ಕೈಯಲ್ಲೇ ಅಳೆಸಿ ಮಾಡಿ. ಗೇಜ್ ಸರಿ ಇಲ್ಲ ಅಂತ ಬಂದರೆ "ನೀವು ಹೇಳಿದ್ದು ಸರಿ" ಅಂತ ಎಲ್ಲರ ಮುಂದೆ ಒಪ್ಪಿಕೊಳ್ಳಿ. ಸರಿ ಇದೆ ಅಂತ ಬಂದರೆ ಆ ವಾದ ಅಲ್ಲಿಗೆ ಮುಗಿಯಿತು. ಹೇಗೆ ಬಂದರೂ ಲಾಭವೇ. ತಮ್ಮ ಮಾತನ್ನು ತಳ್ಳಿಹಾಕದೆ ಪರೀಕ್ಷೆ ಮಾಡಿದರು ಅಂತ ಜನಕ್ಕೆ ಅನಿಸುವುದು ಇಲ್ಲಿಂದಲೇ.

ಆ ಹಳೆಯ ಕೈಯವರ ವಿಷಯದಲ್ಲೂ ಇದೇ ಉಪಾಯ. ಅವರ ಊಹೆಯನ್ನು ಬೋರ್ಡಿನಲ್ಲಿ ಮೊದಲನೆಯದಾಗಿ ಬರೆಯಿರಿ. ಆಮೇಲೆ ಕೇಳಿ: "ಅದು ಕಾರಣ ಆಗಿದ್ದರೆ 4ನೇ ಮೆಷಿನ್‌ನಲ್ಲಿ ಯಾಕೆ ಬರುತ್ತಿಲ್ಲ ಸಾರ್?" ಅವರಿಗೇ ಉತ್ತರ ಹುಡುಕುವ ಆಸೆ ಹುಟ್ಟುತ್ತದೆ. ಅನುಭವ ಇರುವವರು ಈ ಪ್ರಶ್ನೆಗೆ ಬೇಗ ಮನಸೋಲುತ್ತಾರೆ, ಯಾಕೆಂದರೆ ಇದಕ್ಕೆ ಒಳ್ಳೆಯ ಉತ್ತರ ಕೊಡುವುದಕ್ಕೆ ಬೇಕಾಗಿರುವುದೇ ಅನುಭವ. ಆಫೀಸಿನಲ್ಲಿ ಕೂತ ಹೊಸಬರಿಗೆ ಅದು ಆಗದ ಮಾತು.

"ಆಪರೇಟರ್ ಮರೆತ" ಎನ್ನುವುದು ಉತ್ತರವಲ್ಲ

ಮರೆವು ನಿಜ. ಜನ ಮರೆಯುತ್ತಾರೆ. ಆದರೆ ಅದನ್ನು ಮೂಲ ಕಾರಣ ಅಂತ ಬರೆದರೆ ಮದ್ದಾಗಿ "ಎಚ್ಚರಿಕೆ ನೀಡಲಾಯಿತು" ಎನ್ನುವುದು ಬಿಟ್ಟು ಬೇರೇನೂ ಬರೆಯಲು ಬರುವುದಿಲ್ಲ.

ಜಪಾನಿನ ಶಿಗಿಯೊ ಶಿಂಗೊ 1961ರಲ್ಲಿ ಯಮಾಡಾ ಎಲೆಕ್ಟ್ರಿಕ್ ಎನ್ನುವ ಕಾರ್ಖಾನೆಗೆ ಹೋಗಿದ್ದರು. ಅಲ್ಲಿ ಒಂದು ಚಿಕ್ಕ ಸ್ವಿಚ್ ಜೋಡಿಸುತ್ತಿದ್ದರು. ಅದರ ಎರಡು ಬಟನ್‌ಗಳ ಕೆಳಗೆ ಎರಡು ಸ್ಪ್ರಿಂಗ್ ಹಾಕಬೇಕು. ಕೆಲಸಗಾರರು ಆಗಾಗ ಒಂದನ್ನು ಹಾಕುವುದು ಮರೆಯುತ್ತಿದ್ದರು. ಗ್ರಾಹಕ ದೂರು ಕೊಟ್ಟಾಗ ಒಂದಷ್ಟು ದಿನ ಎಲ್ಲರೂ ಜಾಗ್ರತೆ, ಆಮೇಲೆ ಮತ್ತೆ ಅದೇ. ಶಿಂಗೊ ಹೇಳಿದ ಬದಲಾವಣೆ ಇಷ್ಟೇ: ಒಂದು ಚಿಕ್ಕ ತಟ್ಟೆ ಇಡಿ. ಪ್ರತಿ ಸ್ವಿಚ್ ಶುರು ಮಾಡುವ ಮುಂಚೆ ಡಬ್ಬದಿಂದ ಎರಡು ಸ್ಪ್ರಿಂಗ್ ತೆಗೆದು ತಟ್ಟೆಗೆ ಹಾಕಿ. ಜೋಡಣೆ ಮುಗಿದ ಮೇಲೆ ತಟ್ಟೆಯಲ್ಲಿ ಸ್ಪ್ರಿಂಗ್ ಉಳಿದಿದ್ದರೆ ಮರೆತಿದ್ದು ಆಗಲೇ ಗೊತ್ತಾಗುತ್ತದೆ. ಯಾರಿಗೂ ಬೈಗುಳ ಇಲ್ಲ, ಟ್ರೈನಿಂಗ್ ಇಲ್ಲ, ಖರ್ಚೂ ಇಲ್ಲದಷ್ಟೇ.

ಸಹೋದ್ಯೋಗಿಗಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ನನಗೆ ಗೊತ್ತಿಲ್ಲ. ತಂಡದಲ್ಲಿ ಒಂದು ನಿಯಮ ಮಾಡಿಕೊಳ್ಳಿ: 'ನಿರ್ಲಕ್ಷ್ಯ', 'ಅಜಾಗ್ರತೆ', 'ಟ್ರೈನಿಂಗ್ ಕೊಡಲಾಗಿದೆ' ಎನ್ನುವ ಮಾತು ಬೋರ್ಡಿನಲ್ಲಿ ಬಂದರೆ ಕೆಳಗೆ ಇನ್ನೊಂದು 'ಯಾಕೆ' ಬರೆಯಲೇಬೇಕು. ಮರೆಯುವುದಕ್ಕೆ ಕೆಲಸದಲ್ಲಿ ಎಲ್ಲಿ ಜಾಗ ಇತ್ತು? ತಪ್ಪು ಪೀಸು ಫಿಕ್ಸ್ಚರ್‌ನಲ್ಲಿ (ಪೀಸನ್ನು ಹಿಡಿದಿಡುವ ಚೌಕಟ್ಟು) ಯಾಕೆ ಕೂತಿತು? ಈ ನಿಯಮ ಒಂದೆರಡು ತಿಂಗಳು ಗಟ್ಟಿಯಾಗಿ ನಿಂತರೆ ಬಾಯಿ ಬಿಡದವರೂ ಮಾತಾಡಲು ಶುರು ಮಾಡುತ್ತಾರೆ. ಟ್ರೈನಿಂಗೇ ಬೇಡ ಅಂತ ನಾನು ಹೇಳುತ್ತಿಲ್ಲ. ನಿಜಕ್ಕೂ ಕಲಿಸದೆ ಕೂರಿಸಿದ್ದರೆ ಕಲಿಸಬೇಕು. ಆದರೆ ಆಗಲೂ 'ಕಲಿಸದೆ ಕೂರಿಸಿದ್ದು ಯಾಕೆ' ಎನ್ನುವುದು ಉಳಿಯುತ್ತದೆ.

ದಾರ ಎಳೆದವನಿಗೆ ಏನಾಯಿತು?

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ಗೆ ಒಂದು ಕಾರು ಕಾರ್ಖಾನೆ ಇತ್ತು. ಗೈರುಹಾಜರಿಗೆ, ಕಾರ್ಮಿಕರ ಜಗಳಕ್ಕೆ, ಕಳಪೆ ಕಾರುಗಳಿಗೆ ಹೆಸರು ಮಾಡಿತ್ತು. 1982ರಲ್ಲಿ ಮುಚ್ಚಿದರು. 1984ರಲ್ಲಿ ಟೊಯೊಟಾ ಜೊತೆ ಸೇರಿ ನುಮ್ಮಿ (NUMMI) ಎನ್ನುವ ಹೆಸರಿನಲ್ಲಿ ಮತ್ತೆ ತೆರೆದರು. ಕೆಲಸಗಾರರಲ್ಲಿ ಬಹುಪಾಲು ಹಳಬರೇ, ಯೂನಿಯನ್ನೂ ಅದೇ. ಆದರೆ ಕಾರುಗಳ ಗುಣಮಟ್ಟ ಸ್ವಲ್ಪ ಕಾಲದಲ್ಲೇ ಜಿಎಂನ ಉಳಿದ ಕಾರ್ಖಾನೆಗಳನ್ನು ಮೀರಿಸಿತು.

ಬದಲಾಗಿದ್ದು ಏನು ಅಂತ ಕೇಳಿದರೆ ಉದ್ದ ಪಟ್ಟಿ ಕೊಡಬಹುದು. ನನಗೆ ಮುಖ್ಯ ಅನಿಸುವುದು ಒಂದು ದಾರ. ತೊಂದರೆ ಕಂಡರೆ ಯಾವ ಕೆಲಸಗಾರನಾದರೂ ಲೈನಿನ ಮೇಲೆ ಕಟ್ಟಿದ ದಾರ ಎಳೆಯಬಹುದಿತ್ತು. ಎಳೆದ ತಕ್ಷಣ ಟೀಂ ಲೀಡರ್ ಬರುತ್ತಿದ್ದರು, "ಏನಾಯ್ತು, ಹೇಗೆ ಸಹಾಯ ಮಾಡಲಿ" ಅಂತ. ನಿಗದಿತ ಹೊತ್ತಿನಲ್ಲಿ ಸರಿಹೋಗದಿದ್ದರೆ ಲೈನ್ ನಿಲ್ಲುತ್ತಿತ್ತು. ಹಿಂದಿನ ಕಾಲದಲ್ಲಿ ಲೈನ್ ನಿಲ್ಲಿಸುವುದು ದೊಡ್ಡ ಅಪರಾಧವಾಗಿತ್ತು. ಅದೇ ದಾರ ಬೇರೆ ಕಾರ್ಖಾನೆಗಳಲ್ಲಿ ಕಟ್ಟಿದ್ದರೂ ಎಳೆದವನಿಗೆ ಬೈದರೆ ಎರಡನೇ ಸಲ ಯಾರೂ ಎಳೆಯುವುದಿಲ್ಲ.

8ಡಿಗೂ ಇದೇ ಲೆಕ್ಕ. ಮೊದಲ ಸಲ ಯಾರೋ ಧೈರ್ಯ ಮಾಡಿ "ನಾನು ಆಫ್‌ಸೆಟ್ ಬದಲಿಸಿದ್ದೆ ಸಾರ್, ಬರೆದಿರಲಿಲ್ಲ" ಅಂತ ಹೇಳಿದಾಗ ನೀವು ಏನು ಮಾಡುತ್ತೀರಿ ಎನ್ನುವುದನ್ನು ಇಡೀ ಶಾಪ್ ನೋಡುತ್ತಿರುತ್ತದೆ. ಅವತ್ತು ಮೆಮೊ ಕೊಟ್ಟರೆ ಅಲ್ಲಿಗೆ ಮುಗಿಯಿತು. ಮುಂದಿನ ಎಲ್ಲ ಬೋರ್ಡುಗಳೂ ಸುಳ್ಳಿನಿಂದಲೇ ತುಂಬುತ್ತವೆ. "ಹೇಳಿದ್ದು ಒಳ್ಳೆಯದಾಯಿತು, ಯಾವ ಪೀಸಿನಿಂದ ಬದಲಿಸಿದೆ?" ಅಂತ ಕೇಳಿದರೆ ತನಿಖೆಯ ಅರ್ಧ ದಿನ ಉಳಿಯಿತು.

ಮ್ಯಾನೇಜರ್ ಆಗಿರುವವರಿಗೆ ಒಂದು ಮಾತು. ನೀವು ಕೇಳುವ ಪ್ರಶ್ನೆಯೇ ಜನರ ಕೆಲಸವನ್ನು ತೀರ್ಮಾನ ಮಾಡುತ್ತದೆ. "8ಡಿ ಯಾವಾಗ ಕ್ಲೋಸ್ ಆಗುತ್ತೆ?" ಅಂತ ಕೇಳಿದರೆ ಬೇಗ ಕ್ಲೋಸ್ ಮಾಡಿ ತರುತ್ತಾರೆ. "ದೋಷವನ್ನು ಬೇಕಂತಲೇ ಹುಟ್ಟಿಸಿ ನೋಡಿದಿರಾ?" ಅಂತ ಕೇಳಿದರೆ ಅದನ್ನು ಮಾಡಿ ತರುತ್ತಾರೆ. ಅದಕ್ಕೇ ತಿಂಗಳಿಗೆ ಎಷ್ಟು 8ಡಿ ಮಾಡಿದೆವು ಅಂತ ಗೋಡೆ ಮೇಲೆ ಹಾಕುವುದು ನನಗೆ ಹಿಡಿಸುವುದಿಲ್ಲ. ಅದನ್ನು ಅಳೆದರೆ ಕಾಟಾಚಾರದ ಕಾಗದ ಹೆಚ್ಚುತ್ತದೆ, ಅಷ್ಟೇ. ಮುಚ್ಚಿದ ಸಮಸ್ಯೆಗಳಲ್ಲಿ ಎಷ್ಟು ಮತ್ತೆ ತಲೆ ಎತ್ತಿದವು ಎನ್ನುವುದನ್ನು ಅಳೆಯಿರಿ.

ಎಲ್ಲದಕ್ಕೂ ಬೇಡ

ಉತ್ಸಾಹ ಬಂದವರು ಮಾಡುವ ಇನ್ನೊಂದು ಕೆಲಸ, ಪ್ರತಿ ಚಿಕ್ಕ ತೊಂದರೆಗೂ 8ಡಿ ತೆಗೆಯುವುದು. ಬೋಲ್ಟ್ ಸಡಿಲ ಆಗಿದೆ ಅಂತ ಕಣ್ಣಿಗೇ ಕಾಣುತ್ತಿದ್ದರೆ ಬಿಗಿ ಮಾಡಿ. ಯಾಕೆ ಸಡಿಲ ಆಯಿತು ಅಂತ ಎರಡು 'ಯಾಕೆ' ಕೇಳಿ, ಮುಗಿಸಿ. ಒಂದೇ ವಿಭಾಗದೊಳಗಿನ ಸಮಸ್ಯೆಗೆ ಎ3 ಹಾಳೆ ಸಾಕು. ಕಾರಣ ಗೊತ್ತಿಲ್ಲ, ಒಂದಕ್ಕಿಂತ ಜಾಸ್ತಿ ವಿಭಾಗದ ಕೈ ಬೇಕು, ಗ್ರಾಹಕನಿಗೆ ತಟ್ಟಿದೆ ಅಂದಾಗ 8ಡಿ. ದೋಷ ಹಳೆಯದು, ಬೇಕಾದಷ್ಟು ಡೇಟಾ ಇದೆ, ಹತ್ತಾರು ಅಂಶಗಳು ಒಟ್ಟಿಗೆ ಆಟವಾಡುತ್ತಿವೆ ಅಂದಾಗ ಮೊಟೊರೊಲಾದಲ್ಲಿ 1986ರಲ್ಲಿ ಶುರುವಾದ, ಅಂಕಿಅಂಶ ಬಳಸಿ ದೋಷ ಕಡಿಮೆ ಮಾಡುವ ಸಿಕ್ಸ್ ಸಿಗ್ಮಾ ದಾರಿ. ಯಾವುದನ್ನು ಮೊದಲು ಹಿಡಿಯಬೇಕು ಅಂತ ಗೊತ್ತಾಗದಿದ್ದರೆ ಒಂದು ತಿಂಗಳ ರಿಜೆಕ್ಷನ್ ತೆಗೆದು ಪ್ಯಾರೆಟೊ, ಅಂದರೆ ದೋಷಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸುವ ಪಟ್ಟಿ, ಹಾಕಿ. ಸಾಮಾನ್ಯವಾಗಿ ಎರಡು ಮೂರು ದೋಷಗಳೇ ಬಹುಪಾಲು ತಿಂದಿರುತ್ತವೆ.

ಮೊದಲ ಪ್ರಯೋಗಕ್ಕೆ ಮಾತ್ರ ಆ ಪ್ಯಾರೆಟೊದ ತುದಿಯಲ್ಲಿರುವ ದೈತ್ಯನನ್ನು ಆರಿಸಬೇಡಿ. ಎರಡು ಮೂರು ವಾರದಲ್ಲಿ ಮುಗಿಯುವಂಥದ್ದು, ಲೈನಿನವರಿಗೆ ದಿನಾ ರೀವರ್ಕ್ ಮಾಡಿಸಿ ಬೇಸರ ತರಿಸಿರುವಂಥದ್ದು ಆರಿಸಿ. ರೀವರ್ಕ್ ನಿಂತರೆ ಅವರೇ ಪಕ್ಕದ ಲೈನಿಗೆ ಹೇಳುತ್ತಾರೆ. ಕ್ವಾಲಿಟಿಯವರು ನೂರು ಸಲ ಹೇಳುವುದಕ್ಕಿಂತ ಆ ಮಾತಿಗೆ ತೂಕ ಜಾಸ್ತಿ. ದಿನಕ್ಕೆ ಹದಿನೈದು ನಿಮಿಷ, ಶಿಫ್ಟ್ ಬದಲಾಗುವಾಗ, ಎರಡೂ ಶಿಫ್ಟಿನವರು ಸಿಗುವ ಹೊತ್ತಿನಲ್ಲಿ ಬೋರ್ಡ್ ಮುಂದೆ ನಿಲ್ಲಿ. ಕುರ್ಚಿ ಬೇಡ. ಪೇಪರ್ ಫಾರಂ ಆಮೇಲೆ ನೀವೇ ತುಂಬಿ, ಅವರ ತಲೆಗೆ ಕಟ್ಟಬೇಡಿ.

ಆಡಿಟ್ ನೆಪ ಮಾತ್ರ ಹೇಳಬೇಡಿ. ವಾಹನ ಉದ್ಯಮದ ಗುಣಮಟ್ಟದ ಮಾನದಂಡ ಐಎಟಿಎಫ್ 16949 ಪ್ರಕಾರ ಸಮಸ್ಯೆ ಬಿಡಿಸುವುದಕ್ಕೆ ದಾಖಲೆಯಲ್ಲಿರುವ ಒಂದು ವಿಧಾನ ಇರಲೇಬೇಕು, ನಿಜ. ಆದರೆ "ಆಡಿಟರ್ ಕೇಳ್ತಾರೆ, ಅದಕ್ಕೆ ಮಾಡಿ" ಅಂದರೆ ಆಡಿಟರ್ ಹೋದ ಮರುದಿನ ಬೋರ್ಡ್ ಮೂಲೆ ಸೇರುತ್ತದೆ.

ಕೊನೆಯ ಹೆಜ್ಜೆ, ಅಂದರೆ ತಂಡದ ಕೆಲಸವನ್ನು ಗುರುತಿಸುವ ಡಿ8, ಬಹಳ ಕಡೆ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ: "ತಂಡಕ್ಕೆ ಅಭಿನಂದನೆ". ಯಾರ ಕಿವಿಗೂ ಆ ಅಭಿನಂದನೆ ಬಿದ್ದಿರುವುದಿಲ್ಲ. ಫೋಟೋ, ಸರ್ಟಿಫಿಕೇಟ್ ಇದ್ದರೆ ಇರಲಿ. ಅದಕ್ಕಿಂತ ಹೆಚ್ಚು ಕೆಲಸ ಮಾಡುವುದು ಬೇರೆ ಒಂದಿದೆ. ಗ್ರಾಹಕರ ಕಡೆಯವರು ಲೈನ್ ನೋಡಲು ಬಂದಾಗ ವಾರ್ಮ್‌ಅಪ್ ಸೈಕಲ್ ಯಾಕೆ ಇಟ್ಟಿದ್ದೇವೆ ಎನ್ನುವುದನ್ನು ಮ್ಯಾನೇಜರ್ ವಿವರಿಸಬಾರದು. 3ನೇ ಮೆಷಿನ್‌ನ ಆಪರೇಟರ್ ವಿವರಿಸಬೇಕು, ತನ್ನ ಮಾತಿನಲ್ಲಿ, ತನ್ನ ಮೆಷಿನ್ ಮುಂದೆ. ಅವನು ತಡವರಿಸಿದರೆ ನಡುವೆ ಬಾಯಿ ಹಾಕದೆ ಸುಮ್ನೆ ನಿಂತಿರಿ.